ಹುಲಿ ನೋಡಬೇಕಾ, ಹುಲಿ ಫೋಟೋ ಬೇಕಾ? ಕೊಡಗಿನಿಂದ ಹೊರಡುವವರು ಯಾವ ಸಫಾರಿ ಹಿಡಿಯಬೇಕು

ನಮ್ಮ ಹೋಂಸ್ಟೇ ಪೊನ್ನಂಪೇಟೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಇದೆ. ಬಂದವರು ಬ್ಯಾಗು ಇಳಿಸಿ, ಒಂದು ಲೋಟ ಕಾಫಿ ಕುಡಿದ ಮೇಲೆ ಕೇಳುವುದು ಒಂದೇ: "ಸರ್, ಹುಲಿ ಎಲ್ಲಿ ಸಿಗುತ್ತೆ?" ಅದರ ಹಿಂದೆಯೇ ಇನ್ನೊಂದು: "ಇಲ್ಲೇ ನಾಗರಹೊಳೆಯ ನಾಣಚ್ಚಿ ಗೇಟಿಗೆ ಹೋಗೋದಾ, ಕಬಿನಿಗೆ ಹೋಗೋದಾ?" ಕೆಲವರು ಮೊಬೈಲಿನಲ್ಲಿ ಮಹಾರಾಷ್ಟ್ರದ ತಡೋಬಾ ಕಾಡಿನ ಹುಲಿ ವಿಡಿಯೋ ತೋರಿಸಿ, "ಇಂಥದ್ದು ನಿಮ್ಮಲ್ಲಿ ಆಗಲ್ವಾ?" ಎನ್ನುತ್ತಾರೆ. ಒಬ್ಬೊಬ್ಬರಿಗೂ ಕೂತು ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದಿಟ್ಟುಬಿಡೋಣ ಅಂತ ಕೂತೆ.

ಅದಕ್ಕೂ ಮೊದಲು ಒಂದು ಮಾತು. ಕೊಡವ ತಕ್ಕ್‌ನಲ್ಲಿ ಹುಲಿಗೆ 'ನರಿ' ಎನ್ನುತ್ತಾರೆ. ಪಕ್ಕದ ತೋಟದ ಹಿರಿಯರೊಬ್ಬರು ನಮ್ಮ ಜಗಲಿಯಲ್ಲಿ ಕೂತು, "ರಾತ್ರಿ ತೋಟದೊಳಗೆ ನರಿ ಬಂದಿತ್ತು, ಹಸುವನ್ನ ಎಳೆದಿದೆ" ಎಂದಾಗ ಬೆಂಗಳೂರಿನ ಅತಿಥಿಗಳು ನಕ್ಕುಬಿಟ್ಟರು. ನರಿ ಹಸು ಎಳೆಯುತ್ತಾ ಅಂತ. ಆಮೇಲೆ ಅರ್ಥ ಗೊತ್ತಾದಾಗ ಯಾರೂ ರಾತ್ರಿ ಕಾರಿನ ಹತ್ತಿರಕ್ಕೂ ಒಬ್ಬರೇ ಹೋಗಲಿಲ್ಲ. ಹಿಂದೆ ಹುಲಿ ಹೊಡೆದವನಿಗೆ 'ನರಿ ಮಂಗಲ' ಅಂತ, ಮದುವೆಯ ಹಾಗೆಯೇ ಮಂಟಪ ಹಾಕಿ ಗೌರವ ಮಾಡುತ್ತಿದ್ದ ನಾಡು ಇದು. ಈಗ ಹುಲಿಗೆ ಗುರಿ ಇಡುವುದು ಕ್ಯಾಮೆರಾ ಮಾತ್ರ.

ಇನ್ನು ವಿಷಯಕ್ಕೆ ಬರೋಣ.

ಮೊದಲು ಇದನ್ನು ತೀರ್ಮಾನ ಮಾಡಿ

ಹುಲಿ ನೋಡುವುದು ಬೇರೆ, ಹುಲಿಯ ಒಳ್ಳೆಯ ಫೋಟೋ ತೆಗೆಯುವುದು ಬೇರೆ. ಎರಡಕ್ಕೂ ಬೇಕಾದ ಜಾಗ, ಗಾಡಿ, ದುಡ್ಡು ಎಲ್ಲ ಬೇರೆಬೇರೆ. ಇದನ್ನು ಬೇರ್ಪಡಿಸದೆ ಹೊರಟವರೇ ಬೇಜಾರಾಗಿ ವಾಪಸ್ ಬರುವುದು. ಹುಲಿ ಸಿಕ್ಕಿರುತ್ತೆ, ಆದರೂ ಮುಖ ಬಾಡಿರುತ್ತೆ. ಫೋಟೋದಲ್ಲಿ ಬರೀ ಎಲೆ ಬಂದಿರುತ್ತೆ, ಅಷ್ಟೇ.

ನಾನೂ ಹಾಗೆ ಕಲಿತವನೇ. ಕೆಲವು ವರ್ಷದ ಹಿಂದೆ ಒಂದು ಸಂಜೆ, ಬಸ್ಸಿನಲ್ಲಿ, ರಸ್ತೆಯಿಂದ ಹತ್ತು ಮಾರು ದೂರದಲ್ಲಿ ಗಂಡು ಹುಲಿ ಚರಂಡಿಯಲ್ಲಿ ಕೂತಿತ್ತು. ಅದರ ಮುಂದೆ ಲಂಟಾನ ಪೊದೆ. ಒಂದು ಕಣ್ಣು, ಒಂದು ಕಿವಿ, ಸ್ವಲ್ಪ ಭುಜ, ಅಷ್ಟೇ ಕಾಣುತ್ತಿತ್ತು. ಕಿವಿ ತಿರುಗಿಸಿದಾಗ ಹಿಂದಿನ ಬಿಳಿ ಚುಕ್ಕೆ ಹೊಳೆಯಿತು. ನನ್ನ ಪಕ್ಕದವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನು ಮಾತ್ರ ಬಟನ್ ಒತ್ತುತ್ತಲೇ ಇದ್ದೆ. ಹುಲಿ ಎದ್ದು ಒಳಗೆ ಹೋಯಿತು. ಮನೆಗೆ ಬಂದು ನೋಡಿದರೆ ಅರವತ್ತು ಚಿಲ್ಲರೆ ಚಿತ್ರದಲ್ಲೂ ಲಂಟಾನದ ಎಲೆಯ ನರ ಎಣಿಸಬಹುದಿತ್ತು. ಹಿಂದೆ ಕೇಸರಿ ಬಣ್ಣದ ಮಬ್ಬು. ಕ್ಯಾಮೆರಾ ಎಲೆಗೆ ಫೋಕಸ್ ಆಗಿತ್ತು. ಹುಲಿಯನ್ನು ಕಣ್ಣಾರೆ ನೋಡಿದ್ದು ಒಟ್ಟು ಐದು ಸೆಕೆಂಡ್ ಇರಬಹುದು.

ಹಾಗಾಗಿ ಯಾವ ಜಾಗ ಅಂತ ಕೇಳುವ ಮೊದಲು ಈ ಅಳತೆಗಳನ್ನು ಇಟ್ಟುಕೊಳ್ಳಿ. ಕಾಡು ಎಷ್ಟು ತೆರೆದಿದೆ? ಗಾಡಿ ಯಾವುದು, ಎಷ್ಟು ಎತ್ತರ, ನಿಮ್ಮ ಸೀಟು ಎಲ್ಲಿ? ಎಷ್ಟು ಸಲ ಹೋಗಬಹುದು? ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿ ಇರಲು ಆಗುತ್ತಾ? ಕೊನೆಗೆ ಖರ್ಚು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅದೂ ಒಂದು ಲೆಕ್ಕ. ಇವುಗಳಲ್ಲಿ 'ಎಷ್ಟು ಸಲ' ಅನ್ನುವುದಕ್ಕೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹುಲಿ ಎಣಿಕೆಯನ್ನು ನಾನು ಬೇಕಂತಲೇ ಈ ಪಟ್ಟಿಗೆ ಸೇರಿಸಿಲ್ಲ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿ. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಎರಡರ ನಡುವೆ ವ್ಯತ್ಯಾಸ ಅಂತ ಏನೂ ಇಲ್ಲ, ಅಲ್ವಾ? ಅಷ್ಟಕ್ಕೂ ನಮ್ಮನ್ನು ಕರೆದುಕೊಂಡು ಹೋಗುವುದು ಕಾಡಿನ ಸಣ್ಣ ತುಂಡಿಗೆ. 2012ರ ಮಾರ್ಗಸೂಚಿಯ ಪ್ರಕಾರ ಕೋರ್ ಕಾಡಿನ, ಅಂದರೆ ಹುಲಿಗೆಂದೇ ಬಿಟ್ಟ ಒಳಕಾಡಿನ, ಶೇಕಡ 20ಕ್ಕಿಂತ ಜಾಸ್ತಿ ಜಾಗವನ್ನು ಪ್ರವಾಸಕ್ಕೆ ಕೊಡುವಂತಿಲ್ಲ. ಒಟ್ಟು ಹುಲಿ ಎಷ್ಟಿದ್ದರೇನು, ಆ ತುಂಡಿನಲ್ಲಿ ಆ ದಿನ ಯಾವುದು ತಿರುಗುತ್ತಿದೆ ಅನ್ನುವುದೇ ಮುಖ್ಯ.

ನಾಣಚ್ಚಿ: ಮನೆ ಬಾಗಿಲಿನ ಗೇಟು

ಪೊನ್ನಂಪೇಟೆಯಿಂದ ಶ್ರೀಮಂಗಲ ದಾಟಿ ಕುಟ್ಟಕ್ಕೆ ಹೋದರೆ ನಾಗರಹೊಳೆಯ ಕೊಡಗಿನ ಬಾಗಿಲು ಸಿಗುತ್ತದೆ. ಅದೇ ನಾಣಚ್ಚಿ. ದಕ್ಷಿಣ ಕೊಡಗಿನಲ್ಲಿ ಉಳಿದುಕೊಂಡವರಿಗೆ ಇದಕ್ಕಿಂತ ಹತ್ತಿರ ಬೇರೆ ಇಲ್ಲ. ಹೆಚ್ಚಾಗಿ ಅರಣ್ಯ ಇಲಾಖೆಯ ಬಸ್ಸು. ಸೀಟಿನ ಲೆಕ್ಕದಲ್ಲಿ ದುಡ್ಡು. ರೇಟು ಆಗಾಗ ಬದಲಾಗುತ್ತೆ, ಆದರೂ ನೂರರ ಲೆಕ್ಕದಲ್ಲೇ ಮುಗಿಯುತ್ತದೆ. ಮಡಿಕೇರಿಯಲ್ಲಿ ಉಳಿದವರಿಗೆ ಮಾತ್ರ ಇದು ಹತ್ತಿರ ಅಲ್ಲ. ಬೆಳಗಿನ ಸಫಾರಿ ಹಿಡಿಯಬೇಕಾದರೆ ಕತ್ತಲಲ್ಲಿ ಹೊರಡಬೇಕು. ಆ ಹೊತ್ತಿಗೆ ರಸ್ತೆಯಲ್ಲಿ ಆನೆ ಸಿಗುವುದು ಹೊಸದೇನಲ್ಲ. ಹಿಂದಿನ ರಾತ್ರಿ ಕುಟ್ಟ ಅಥವಾ ಶ್ರೀಮಂಗಲದ ಕಡೆ ಉಳಿದುಕೊಂಡರೆ ಒಳ್ಳೆಯದು.

ಕಾಡು ಹೇಗಿದೆ? ದಟ್ಟ. ಈ ಕಡೆ ಮಳೆ ಜಾಸ್ತಿ. ಮತ್ತಿ, ನಂದಿ, ಬೀಟೆ, ತೇಗದ ನಡುವೆ ಬಿಸಿಲು ಚೂರುಚೂರಾಗಿ ಬೀಳುತ್ತದೆ. ಕೆಳಗೆ ಲಂಟಾನ. ಆದರೆ ನಡುನಡುವೆ ಹಡ್ಲುಗಳಿವೆ. ಹಡ್ಲು ಅಂದರೆ ತೇವ ಹಿಡಿದ, ಹುಲ್ಲು ಬೆಳೆದ ತಗ್ಗು ಬಯಲು. ಜಿಂಕೆ, ಕಾಟಿ (ಕಾಡುಕೋಣ) ಅಲ್ಲಿ ಮೇಯುತ್ತವೆ. ಈ ಕಾಡಿನಲ್ಲಿ ಹುಲಿ ಪೂರ್ತಿಯಾಗಿ ಕಾಣುವುದು ಎರಡೇ ಕಡೆ, ಹಡ್ಲಿನ ಅಂಚಿನಲ್ಲಿ ಇಲ್ಲವೇ ರಸ್ತೆಯ ಮೇಲೆ. ಬೆಳಗಿನ ಹೊತ್ತು ಹುಲಿಗೂ ರಸ್ತೆಯಲ್ಲಿ ನಡೆಯುವುದೇ ಸಲೀಸು. ಮುಳ್ಳಿಲ್ಲ, ಒದ್ದೆ ಹುಲ್ಲಿಲ್ಲ.

ನೋಡುವುದಕ್ಕೆ ನಾಣಚ್ಚಿ ಚೆನ್ನ. ಫೋಟೋಗೆ ಕಷ್ಟ. ಬೆಳಕು ಕಡಿಮೆ, ಬಸ್ಸು ಎತ್ತರ, ಹುಲಿ ಎಡಕ್ಕೆ ಕಂಡರೆ ಬಲಗಡೆಯವರೆಲ್ಲ ನಿಮ್ಮ ಹೆಗಲ ಮೇಲೆ. ಆದರೆ ಈ ಗೇಟಿನ ದೊಡ್ಡ ಲಾಭ ಖರ್ಚಿನಲ್ಲಿದೆ. ಕಬಿನಿಯ ಒಂದು ರಾತ್ರಿಯ ದುಡ್ಡಿನಲ್ಲಿ ಇಲ್ಲಿ ಹಲವು ಸಲ ಹೋಗಿ ಬರಬಹುದು. ಹುಲಿ ಸಿಗುವುದು ಅದೃಷ್ಟ ಅಂತಾರಲ್ಲ, ಆ ಅದೃಷ್ಟಕ್ಕೆ ಒಂದು ಬದಲು ನಾಲ್ಕು ಸಲ ಅವಕಾಶ ಕೊಟ್ಟರೆ ನಷ್ಟ ಏನು? ಮೂರು ದಿನ ಉಳಿಯುವ ಅತಿಥಿಗಳಿಗೆ ನಾನು ಹೇಳುವುದು ಇದೇ. ಅಬ್ಬಿ ಫಾಲ್ಸ್ ಬಿಡಿ, ಮೂರು ಬೆಳಿಗ್ಗೆಯೂ ಕುಟ್ಟಕ್ಕೆ ಹೋಗಿ. ಹೆಚ್ಚಿನವರು ಒಪ್ಪುವುದಿಲ್ಲ. ಒಪ್ಪಿದವರಲ್ಲಿ ಹುಲಿ ಕಾಣದೆ ಬಂದವರು ಇದ್ದಾರೆ, ಸುಳ್ಳು ಹೇಳಲ್ಲ. ಆದರೆ ಒಂದು ಸಲ ಹೋಗಿ "ಏನೂ ಸಿಗಲಿಲ್ಲ" ಎಂದು ಬೈಯುವವರಿಗಿಂತ ಅವರ ಕೈಯಲ್ಲಿ ನೆನಪು ಜಾಸ್ತಿ. ಕಾಟಿ, ಸೀಳುನಾಯಿ, ಮರದ ಮೇಲಿನ ಚಿರತೆ ಎಲ್ಲ ಸೇರಿ.

ಇದೇ ನಾಗರಹೊಳೆಗೆ ಹುಣಸೂರು ಕಡೆಯಿಂದ ವೀರನಹೊಸಹಳ್ಳಿ ಗೇಟಿದೆ. ಕುಶಾಲನಗರ, ಪಿರಿಯಾಪಟ್ಟಣದ ಕಡೆ ಇರುವವರಿಗೆ, ಮೈಸೂರಿಗೆ ವಾಪಸ್ ಹೋಗುವ ದಾರಿಯಲ್ಲಿ ಮುಗಿಸುವವರಿಗೆ ಅದು ಅನುಕೂಲ. ಉಳಿದ ಗುಣಾವಗುಣ ಹೆಚ್ಚುಕಡಿಮೆ ಇದೇ. ಆದರೆ ಕುಟ್ಟದಿಂದ ಕಾಡಿನೊಳಗಿನ ರಸ್ತೆಯಲ್ಲಿ ಹುಣಸೂರಿಗೆ ಹೋಗುವವರು ನೆನಪಿಡಿ. ಸಂಜೆ ಆರಕ್ಕೆ ಆ ರಸ್ತೆ ಮುಚ್ಚುತ್ತದೆ, ತೆರೆಯುವುದು ಬೆಳಿಗ್ಗೆ ಆರಕ್ಕೆ.

ಕಬಿನಿ ಕಡೆ: ದುಡ್ಡು ಕೊಟ್ಟರೆ ಏನು ಸಿಗುತ್ತೆ

ಕಬಿನಿ ಬೇರೆ ಕಾಡು ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. ಅದೂ ನಾಗರಹೊಳೆಯೇ. ನಾವು ಪಶ್ಚಿಮದ ಬಾಗಿಲಲ್ಲಿ ಒಳಗೆ ಹೋದರೆ ಅವರು ಆಗ್ನೇಯದ ಬಾಗಿಲಲ್ಲಿ ಹೋಗುತ್ತಾರೆ. ಹಿಂದೆ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆ ಕಾಡು. 1974ರಲ್ಲಿ ಕಬಿನಿ ಅಣೆಕಟ್ಟು ಆದ ಮೇಲೆ ಕಾಡಿನ ಒಂದು ಭಾಗ ನೀರಿನಡಿ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ನೆಲದಲ್ಲಿ ಹಸಿ ಹುಲ್ಲು ಏಳುತ್ತದೆ. ಸುತ್ತ ಎಲ್ಲ ಒಣಗಿರುವಾಗ ಆನೆ, ಜಿಂಕೆ, ಕಾಟಿ ಎಲ್ಲ ಅಲ್ಲಿಗೇ ಇಳಿಯುತ್ತವೆ. ಅವುಗಳ ಹಿಂದೆ ಹುಲಿ. ಫೋಟೋದವರು ಫೆಬ್ರವರಿಯಿಂದ ಮೇ ತನಕ ಕಬಿನಿಗೆ ಮುಗಿಬೀಳುವುದು ಇದಕ್ಕೇ.

ಇಲ್ಲಿ ಕಾಡು ತೆಳು. ಒಣ ಎಲೆಯುದುರುವ ಕಾಡು. ಬೇಸಿಗೆಯಲ್ಲಿ ಎಲೆ ಉದುರಿ ಮರದ ನಡುವೆ ದೂರದವರೆಗೆ ಕಾಣುತ್ತದೆ. ಬೆಳಗಿನ ಬೆಳಕು ನೆಲಕ್ಕೆ ಮುಟ್ಟುತ್ತದೆ. ಕೆರೆಗಳ ಹತ್ತಿರ ಗಾಡಿ ನಿಲ್ಲಿಸಿ ಕಾಯಬಹುದು. ಫೋಟೋಗೆ ಬೇಕಾದ್ದು ಇದೇ ಅಲ್ವಾ?

ಇಲ್ಲಿಗೆ ಹೋಗುವುದಕ್ಕೆ ಎರಡು ದಾರಿಗಳಿವೆ. ಅಂತರಸಂತೆ ಹತ್ತಿರದ ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆಯ ಸಫಾರಿ. ಇದು ಅಗ್ಗ. ಇನ್ನೊಂದು, ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಮೂಲಕ. 1980ರಲ್ಲಿ ಶುರುವಾದ ಸಂಸ್ಥೆ. ರೂಮು, ಊಟ, ಸಫಾರಿ ಸೇರಿ ಸಾವಿರಗಳ ಲೆಕ್ಕ. ಹಿನ್ನೀರಿನ ಸುತ್ತ ಇರುವ ಖಾಸಗಿ ರೆಸಾರ್ಟುಗಳಲ್ಲಿ ಉಳಿದರೂ ಸಫಾರಿ ಗಾಡಿ ಸಾಮಾನ್ಯವಾಗಿ ಇವರದ್ದೇ. ರೆಸಾರ್ಟಿನ ಈಜುಕೊಳಕ್ಕೆ ಕೊಟ್ಟ ದುಡ್ಡಿನಿಂದ ಹುಲಿ ಹತ್ತಿರ ಬರುವುದಿಲ್ಲ. ಹಾಗಾಗಿ ಫೋಟೋವೇ ಗುರಿ ಆಗಿದ್ದರೆ ರೂಮಿನಲ್ಲಿ ಉಳಿಸಿ, ಜೀಪಿಗೆ ಹಾಕಿ.

ಜೀಪು ಯಾಕೆ? ಬಸ್ಸಿನಿಂದ ತೆಗೆದ ಹುಲಿ ಯಾವಾಗಲೂ ಸ್ವಲ್ಪ ಕುಳ್ಳಗೆ ಕಾಣುತ್ತದೆ. ಮೇಲಿನಿಂದ ಕೆಳಗೆ ನೋಡಿದ ಹಾಗೆ. ಜೀಪಿನಲ್ಲಿ ನೀವು ಅದರ ಕಣ್ಣಿನ ಮಟ್ಟಕ್ಕೆ ಹತ್ತಿರ ಇರುತ್ತೀರಿ. ಜನ ಕಡಿಮೆ, ಎರಡೂ ಕಡೆ ತಿರುಗಬಹುದು. ಒಬ್ಬರು ಕಾಲು ಅಲ್ಲಾಡಿಸಿದರೂ ಇಡೀ ಬಸ್ಸು ಅಲ್ಲಾಡುತ್ತದೆ, ಉದ್ದ ಲೆನ್ಸಿನಲ್ಲಿ ಅದು ಭೂಕಂಪದ ಹಾಗೆ. ಬುಕ್ ಮಾಡುವಾಗ ಗಾಡಿ ಯಾವುದು ಅಂತ ಬರೆಸಿಕೊಳ್ಳಿ. ನಾನೊಮ್ಮೆ ಮಧ್ಯವರ್ತಿಯೊಬ್ಬರನ್ನು ನಂಬಿ ಜೀಪಿನ ದುಡ್ಡು ಕೊಟ್ಟು, ಹೋಗಿ ನೋಡಿದರೆ ಕ್ಯಾಂಟರಿನ ಕೊನೇ ಸಾಲಿನ ಮಧ್ಯದ ಸೀಟು. ಮುಂದಿನವರ ಟೋಪಿಯ ಫೋಟೋ ಚೆನ್ನಾಗಿ ಬಂದಿದೆ.

ದೋಣಿ ಸಫಾರಿಯೂ ಇದೆ. ಆನೆ, ಮೊಸಳೆ, ಹಕ್ಕಿಗೆ ಬಹಳ ಚೆನ್ನ. ಹುಲಿ ದಡದಲ್ಲಿ ಕಂಡದ್ದೂ ಉಂಟು, ಆದರೆ ದೂರ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಅಲೆಅಲೆಯಾಗಿ, 600 ಎಂಎಂ ಲೆನ್ಸಿದ್ದರೂ ಚಿತ್ರ ಕಲಸಿದ ಹಾಗೆ ಬರುತ್ತದೆ. ಹುಲಿಗೇ ಬಂದಿದ್ದರೆ ದೋಣಿ ಬೇಡ. ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದು, ಜೀಪಿನ ಕುಲುಕಾಟ ಆಗದಿದ್ದರೆ ದೋಣಿಯೇ ಸರಿ.

ಈಗ ಕೊಡಗಿನವರ ತಾಪತ್ರಯ. ಕುಟ್ಟದಿಂದ ತೋಲ್ಪೆಟ್ಟಿ, ಕಾಟಿಕುಳಂ, ಬಾವಲಿ, ಡಿ.ಬಿ. ಕುಪ್ಪೆ ಮೂಲಕ ಹೋದರೆ ದಮ್ಮನಕಟ್ಟೆ ಹತ್ತಿರವೇ. ಮ್ಯಾಪಿನಲ್ಲಿ ನೋಡಿ ಎಲ್ಲರೂ ಖುಷಿಪಡುತ್ತಾರೆ. ಆದರೆ ಬಾವಲಿ ರಸ್ತೆಯೂ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಬಂದ್. ಅಂದರೆ ಈ ದಾರಿಯಲ್ಲಿ ಹೋಗಿ ಬೆಳಗಿನ ಸಫಾರಿ ಹಿಡಿಯಲು ಆಗುವುದಿಲ್ಲ. ಸಂಜೆಯ ಸಫಾರಿಗೆ ಹೋದರೆ ಹೋಗುವಾಗ ಸಲೀಸು, ಬರುವಾಗ ಗೇಟು ಮುಚ್ಚಿರುತ್ತದೆ. ಎಚ್.ಡಿ. ಕೋಟೆ, ಹುಣಸೂರು, ತಿತಿಮತಿ ಸುತ್ತಿ ಮನೆ ಸೇರಬೇಕು. ನನ್ನ ಭಾವ ಒಂದು ಸಲ ಇದನ್ನು ಮರೆತು ಹೋಗಿ, ರಾತ್ರಿ ಹನ್ನೊಂದಕ್ಕೆ ಗೋಣಿಕೊಪ್ಪಕ್ಕೆ ಬಂದು ಫೋನ್ ಮಾಡಿದ್ದರು, "ಊಟ ಇದೆಯಾ?" ಅಂತ. ಆದ್ದರಿಂದ ಕಬಿನಿಗೆ ಹೋದರೆ ಒಂದು ರಾತ್ರಿ ಆ ಕಡೆಯೇ ಉಳಿಯಿರಿ. ಸಂಜೆ ಒಂದು, ಬೆಳಿಗ್ಗೆ ಒಂದು ಸಫಾರಿ ಮಾಡಿ, ಹಗಲಿನಲ್ಲಿ ಬಾವಲಿ ಮೂಲಕ ವಾಪಸ್ ಬನ್ನಿ. ಖರ್ಚು ಹಾಕುವಾಗ ಆ ರಾತ್ರಿಯನ್ನೂ ಸೇರಿಸಿ.

ತೋಲ್ಪೆಟ್ಟಿ, ಬಂಡೀಪುರ

ಕುಟ್ಟ ದಾಟಿದರೆ ಕೇರಳ. ಅಲ್ಲೇ ವಯನಾಡು ಅಭಯಾರಣ್ಯದ ತೋಲ್ಪೆಟ್ಟಿ ಗೇಟು. ಕಾಡು ನಾಗರಹೊಳೆಗೆ ಅಂಟಿಕೊಂಡೇ ಇದೆ. ಜೀಪಿನಲ್ಲಿ ಸುತ್ತಿಸುತ್ತಾರೆ. ಆನೆ ಧಾರಾಳ. ಹುಲಿಗಾಗಿ ನಾನು ಯಾರನ್ನೂ ಅಲ್ಲಿಗೆ ಕಳಿಸುವುದಿಲ್ಲ. ಸುತ್ತು ಚಿಕ್ಕದು. ಬೆಂಕಿಯ ಭಯಕ್ಕೆ ಬೇಸಿಗೆಯಲ್ಲಿ, ಅಂದರೆ ಹುಲಿ ಕಾಣುವ ಕಾಲದಲ್ಲೇ, ಮುಚ್ಚುವುದೂ ಉಂಟು. ನಾಣಚ್ಚಿಯಲ್ಲಿ ಸೀಟು ಸಿಗದ ದಿನ, ಮಕ್ಕಳಿಗೆ ಒಂದು ಜೀಪ್ ಸವಾರಿ ಆಗಲಿ ಅಂತಿದ್ದರೆ ಹೋಗಿ ಬನ್ನಿ.

ಬಂಡೀಪುರ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ತೆರೆದ, ಒಣ ಕಾಡು. ಹಿಂದೆ ಗೋಪಾಲಸ್ವಾಮಿ ಬೆಟ್ಟದ ಸಾಲು. ಹುಲಿಯ ಜೊತೆ ಬೆಟ್ಟವೂ ಬರುವಂಥ ಅಗಲ ಚಿತ್ರಕ್ಕೆ ನನಗೆ ಕಬಿನಿಗಿಂತ ಅದು ಇಷ್ಟ. ಸಫಾರಿ ಮೇಲುಕಾಮನಹಳ್ಳಿಯಿಂದ ಹೊರಡುತ್ತದೆ. ಆದರೆ ಪೊನ್ನಂಪೇಟೆಯಿಂದ ಮೂರು ಗಂಟೆಗೂ ಜಾಸ್ತಿ ದಾರಿ. ಕೊಡಗಿಗೆ ರಜೆಗೆ ಬಂದು ಬಂಡೀಪುರಕ್ಕೆ ಓಡುವುದರಲ್ಲಿ ಅರ್ಥ ಇಲ್ಲ. ಊಟಿಗೆ ಹೋಗುವ ಪ್ಲಾನ್ ಇದ್ದರೆ ಸೇರಿಸಿಕೊಳ್ಳಿ. ಅಲ್ಲಿನ ಹೆದ್ದಾರಿಯಲ್ಲೂ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ಇಲ್ಲ.

ತಡೋಬಾದ ಪ್ರಶ್ನೆ

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ತಡೋಬಾ. "ಅಲ್ಲಿ ಹುಲಿ ಗ್ಯಾರಂಟಿ" ಅಂತ ಹೇಳುವವರಿದ್ದಾರೆ. ಕಾಡಿನಲ್ಲಿ ಗ್ಯಾರಂಟಿ ಅನ್ನುವವರನ್ನು ನಂಬಬೇಡಿ. ಆದರೂ ಫೋಟೋದ ದೃಷ್ಟಿಯಿಂದ ತಡೋಬಾ ನಮ್ಮ ಕಾಡಿಗಿಂತ ಸುಲಭ ಅನ್ನುವುದು ನಿಜ. ತೆರೆದ ಜಿಪ್ಸಿಯಲ್ಲಿ ಆರು ಜನ, ಬಿದಿರು ಮತ್ತು ತೇಗದ ನಡುವೆ ಕೆರೆಗಳು, ಬೇಸಿಗೆಯಲ್ಲಿ ನೀರಿಗೆ ಬಂದು ಗಂಟೆಗಟ್ಟಲೆ ಕೂರುವ ಹುಲಿಗಳು. ಅವುಗಳಿಗೆ ಗಾಡಿ ರೂಢಿಯಾಗಿದೆ.

ಇದಕ್ಕೆ ಕೊಡಬೇಕಾದ ಬೆಲೆ ಏನು? ಬೆಂಗಳೂರಿನಿಂದ ನಾಗಪುರಕ್ಕೆ ವಿಮಾನ ಅಥವಾ ರೈಲು, ಅಲ್ಲಿಂದ ಟ್ಯಾಕ್ಸಿ, ಮೂರು-ನಾಲ್ಕು ಸಫಾರಿ, ರೂಮು. ಒಬ್ಬರಿಗೇ ಹತ್ತಾರು ಸಾವಿರ. ಮೇ ತಿಂಗಳಲ್ಲಿ ಚಂದ್ರಪುರದ ಬಿಸಿಲು 45 ಡಿಗ್ರಿ ದಾಟುತ್ತದೆ. ಕೊಡಗಿನ ಮೈಗೆ ಅದು ಸುಲಭ ಅಲ್ಲ. ಮಂಗಳವಾರ ರಜೆ. ಮಳೆಗಾಲದ ಮೂರು ತಿಂಗಳು ಕೋರ್ ಭಾಗ ಮುಚ್ಚಿರುತ್ತದೆ. ಹುಲಿ ಒಂದು ಕಡೆ ಕೂತರೆ ಗಾಡಿಗಳ ಸಾಲು ನಿಲ್ಲುತ್ತದೆ, ಚಿತ್ರದ ಹಿನ್ನೆಲೆಯಲ್ಲಿ ಯಾರದೋ ಕೆಂಪು ಅಂಗಿ ಬರುತ್ತದೆ.

ಕ್ಯಾಮೆರಾ ಕೈಯಲ್ಲಿ ಪಳಗಿದ, ಒಂದು ಒಳ್ಳೆಯ ಚಿತ್ರ ಬೇಕೇಬೇಕು ಅನ್ನುವವರಿಗೆ ತಡೋಬಾ ಸರಿ. ಹೊಸ ಕ್ಯಾಮೆರಾ ಕೊಂಡು ಮೊದಲ ಸಲ ಹೊರಟವರಿಗೆ ಖಂಡಿತ ಬೇಡ. ಹತ್ತಾರು ಸಾವಿರ ಖರ್ಚು ಮಾಡಿ ಅಲ್ಲಿ ಫೋಕಸ್ ಕಲಿಯುವುದಾ? ಅದನ್ನು ನಾಣಚ್ಚಿಯ ಜಿಂಕೆಗಳ ಮೇಲೆ ಕಲಿಯಿರಿ. ಮಬ್ಬು ಬೆಳಕಿನಲ್ಲಿ, ಕುಲುಕುವ ಬಸ್ಸಿನಲ್ಲಿ, ಪೊದೆಯ ಹಿಂದಿನ ಜಿಂಕೆಯ ಕಣ್ಣಿಗೆ ಫೋಕಸ್ ಮಾಡಲು ಬಂದರೆ ಹುಲಿಗೂ ಬರುತ್ತದೆ.

ಲೆನ್ಸಿನ ದುಡ್ಡಾ, ಸಫಾರಿಯ ದುಡ್ಡಾ

ಇದೂ ಒಂದು ಆಯ್ಕೆಯೇ. ಕೈಯಲ್ಲಿ ಒಂದಿಷ್ಟು ದುಡ್ಡಿದೆ, ಲೆನ್ಸು ಕೊಳ್ಳಲಾ, ಇನ್ನೆರಡು ಸಫಾರಿ ಮಾಡಲಾ ಅಂತ ಕೇಳುವವರು ಇದ್ದಾರೆ. ಸಫಾರಿ ಮಾಡಿ. ಲೆನ್ಸು ಬಾಡಿಗೆಗೆ ತನ್ನಿ. ಮೈಸೂರು, ಬೆಂಗಳೂರಿನಲ್ಲಿ ದಿನದ ಲೆಕ್ಕಕ್ಕೆ ಸಿಗುತ್ತದೆ. ಬಸ್ಸಿಗೆ 100-400 ಸಾಕು. ಹುಲಿ ರಸ್ತೆಗೆ ಬಂದರೆ 600ರಲ್ಲಿ ಬರೀ ಮೂತಿ ಬರುತ್ತದೆ. ಕಬಿನಿಯ ಹಿನ್ನೀರಿನ ಅಂಚಿಗೆ ಉದ್ದದ್ದು ಬೇಕು. ಆದರೆ ಸಫಾರಿಯಲ್ಲಿ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ. ಟಿಕೆಟಿನ ಜೊತೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೊಬೈಲಿನಲ್ಲೇ ತೆಗೆಯೋಣ ಅಂದುಕೊಂಡವರಿಗೆ: 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹುಲಿ ಸಂರಕ್ಷಿತ ಪ್ರದೇಶಗಳ ಕೋರ್ ಭಾಗದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಸಬಾರದು ಅಂದಿದೆ. ಹಾಗಾಗಿ ಫೋನ್ ನಂಬಿ ಹೊರಡಬೇಡಿ. ಕ್ಯಾಮೆರಾ ಇಲ್ಲದಿದ್ದರೆ ಒಂದು ಬೈನಾಕ್ಯುಲರ್ ತನ್ನಿ. ನಿಜ ಹೇಳಬೇಕೆಂದರೆ ಬೈನಾಕ್ಯುಲರಿನಲ್ಲಿ ನೋಡಿದ ಹುಲಿಯೇ ನನಗೆ ಜಾಸ್ತಿ ನೆನಪಿರುವುದು.

ಸೆಟ್ಟಿಂಗಿನ ಬಗ್ಗೆ ಉದ್ದಕ್ಕೆ ಹೇಳಲ್ಲ. ಶಟರ್ 1/500ಕ್ಕಿಂತ ಕೆಳಗೆ ಬೇಡ, ನಡೆಯುವ ಹುಲಿಗೆ 1/1000 ಇರಲಿ. ಐಎಸ್ಓ ಆಟೋದಲ್ಲಿ ಬಿಡಿ. ಬೆಳಗಿನ ನಾಗರಹೊಳೆಯಲ್ಲಿ ಅದು 6400ಕ್ಕೆ ಏರುತ್ತದೆ, ಹೆದರಬೇಡಿ. ಕಾಳುಕಾಳಾದ ಚಿತ್ರ ಸರಿಮಾಡಬಹುದು, ಅಲ್ಲಾಡಿದ್ದನ್ನು ಆಗಲ್ಲ. ನೆರಳಿನಲ್ಲಿ ಕ್ಯಾಮೆರಾ ಸುಮ್ನೆ ಜಾಸ್ತಿ ಬೆಳಕು ಎಳೆದು ಕೆನ್ನೆಯ ಬಿಳಿ ಹಾರಿಸಿಬಿಡುತ್ತದೆ, ಅದಕ್ಕೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಪೊದೆ ಇರುವಲ್ಲಿ ಫೋಕಸ್ ಪಾಯಿಂಟ್ ಒಂದೇ ಇಟ್ಟುಕೊಳ್ಳಿ, ಇಲ್ಲವಾದರೆ ನನ್ನ ಹಾಗೆ ಲಂಟಾನ ಎಲೆಯ ಸಂಗ್ರಹ ಆಗುತ್ತದೆ. ಕಿಟಕಿಯ ಮೇಲೆ ಲೆನ್ಸ್ ಇಡಲು ಬೀನ್ ಬ್ಯಾಗ್ ಬೇಕು. ನನ್ನದು ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಭತ್ತ ತುಂಬಿ, ಎರಡೂ ಕಡೆ ಹೊಲಿದದ್ದು. ಮತ್ತೆ ಒಂದು ವಿಷಯ: ಹುಲಿ ಪೂರ್ತಿ ಪಕ್ಕಕ್ಕೆ ತಿರುಗಿದಾಗ, ಚಿತ್ರ ಚೆನ್ನಾಗಿಲ್ಲದಿದ್ದರೂ ಒಂದು ತೆಗೆಯಿರಿ. ಪಟ್ಟೆ ನೋಡಿಯೇ ಒಂದೊಂದು ಹುಲಿಯನ್ನೂ ಗುರುತು ಹಿಡಿಯುತ್ತಾರೆ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಇದೇ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ, ಇಟ್ಟು ಆ ಲೆಕ್ಕದ ಕೆಲಸ ಬೆಳೆಸಿದ್ದು. ಎಡ ಮತ್ತು ಬಲದ ಪಟ್ಟೆ ಬೇರೆ ಇರುತ್ತದೆ, ಎರಡೂ ಸಿಕ್ಕರೆ ಇನ್ನೂ ಒಳ್ಳೆಯದು.

ಗಾಡಿಯೊಳಗೆ ಬಾಯಿ ಮುಚ್ಚಿ, ಕಿವಿ ತೆರೆದಿಡಿ. ಡ್ರೈವರ್ ಎಂಜಿನ್ ಆಫ್ ಮಾಡಿದರೆ ಅವರು ಏನೋ ಕೇಳಿಸಿಕೊಂಡಿದ್ದಾರೆ ಅಂತ ಅರ್ಥ. ಜಿಂಕೆ ಕೂಗಿದರೆ ಪೂರ್ತಿ ನಂಬಬೇಡಿ, ಅದು ಸುಮ್ಮಸುಮ್ಮನೆ ಹೆದರುತ್ತದೆ. ಮರದ ಮೇಲಿನ ಮುಸುವ ಖಕ್ ಖಕ್ ಅಂದರೆ ಅದು ಏನನ್ನೋ ಕಂಡಿದೆ. ಕಡವೆ ಕೂಗಿದರೆ ಕ್ಯಾಮೆರಾ ಕೈಗೆ ತೆಗೆದುಕೊಳ್ಳಿ. ಅಂಥ ಹೊತ್ತಿನಲ್ಲಿ ಯಾರೋ ಚಿಪ್ಸ್ ಪೊಟ್ಟಣ ಹರಿಯುತ್ತಾರಲ್ಲ, ಅವರ ಪಕ್ಕ ಸೀಟು ಸಿಗದಿರಲಿ ಅಂತ ಇಗ್ಗುತ್ತಪ್ಪನಿಗೆ ಕೈಮುಗಿದು ಹೊರಡಿ.

ಬೇಡವೇ ಬೇಡ ಅನ್ನುವ ಆಯ್ಕೆ

ಕೆಲವು ಅತಿಥಿಗಳು ಮೆಲ್ಲಗೆ ಕೇಳುತ್ತಾರೆ: "ಇಲ್ಲೇ ತೋಟಕ್ಕೆ ಬರುತ್ತಂತಲ್ಲ, ರಾತ್ರಿ ಜೀಪಿನಲ್ಲಿ ಒಂದು ರೌಂಡ್ ತೋರಿಸಿ." ಹಸು ಸತ್ತ ಜಾಗಕ್ಕೆ ಕರೆದುಕೊಂಡು ಹೋಗಿ ಅನ್ನುವವರೂ ಇದ್ದಾರೆ. ಆಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಕುಟ್ಟದ ಹತ್ತಿರ, ಕಾಫಿ ತೋಟದಲ್ಲಿ ಕೆಲಸಕ್ಕೆ ಬಂದ ಒಂದೇ ಕುಟುಂಬದ ಇಬ್ಬರನ್ನು ಒಂದು ದಿನದ ಅಂತರದಲ್ಲಿ ಹುಲಿ ಕೊಂದಿತು. ಒಬ್ಬ ಹದಿನೆಂಟರ ಹುಡುಗ. ಈಗಲೂ ಕಾಫಿ ಕೊಯ್ಲಿನ ಹೊತ್ತಿಗೆ ಲೈನ್ ಮನೆಗಳಿಂದ ಹೊರಡುವ ಹೆಂಗಸರು ಗುಂಪಾಗಿ, ಜೋರಾಗಿ ಮಾತಾಡಿಕೊಂಡೇ ತೋಟಕ್ಕೆ ಇಳಿಯುತ್ತಾರೆ. ಅವರಿಗೆ ಹುಲಿ ಕಾಣದಿದ್ದರೇ ಒಳ್ಳೆಯ ದಿನ. ಅಲ್ಲಿ ಲೈಟು ಹಾಕಿಕೊಂಡು ಹುಲಿ ಹುಡುಕುವುದು ನಾಚಿಕೆಗೇಡು. ಕಾನೂನಿಗೂ ವಿರುದ್ಧ.

2025ರ ನವೆಂಬರಿನಲ್ಲಿ ಸರಗೂರಿನ ಕಡೆ ಜನರ ಮೇಲೆ ಹುಲಿ ದಾಳಿಗಳಾದ ಮೇಲೆ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ಸುತ್ತಲಿನ ಹಳ್ಳಿಗಳ ಸಿಟ್ಟು ಸಫಾರಿ ಗಾಡಿಗಳ ಮೇಲೂ ಇತ್ತು. ಆದ್ದರಿಂದ ರೂಮಿಗೆ ಅಡ್ವಾನ್ಸ್ ಕೊಡುವ ಮೊದಲು ಇಲಾಖೆಯ ಜಾಲತಾಣದಲ್ಲಿ ಆ ವಾರದ ಸಫಾರಿ ಇದೆಯಾ, ಎಷ್ಟು ಟ್ರಿಪ್ ಬಿಡುತ್ತಿದ್ದಾರೆ ನೋಡಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಕಾಲ ಬೇರೆ. ಆಮೇಲೆ ಹೋಂಸ್ಟೇಯವರ ಜೊತೆ ಜಗಳ ಬೇಡ.

ಹಾಗಾದರೆ ಯಾರಿಗೆ ಯಾವುದು

ಎರಡು ದಿನಕ್ಕೆ ಮನೆಮಂದಿಯ ಜೊತೆ ಬಂದವರು ನಾಣಚ್ಚಿಯಲ್ಲಿ ಒಂದು ಸಂಜೆ, ಒಂದು ಬೆಳಿಗ್ಗೆ ಹೋಗಿ. ಹುಲಿ ಬಂದರೆ ಲಾಭ, ಇಲ್ಲದಿದ್ದರೆ ಆನೆ ಇದ್ದೇ ಇದೆ. ಪುಟ್ಟ ಮಕ್ಕಳಿದ್ದರೆ ಬೆಳಗಿನದು ಬಿಡಿ. ನಿದ್ದೆಗೆಟ್ಟ ಮಗು ಅತ್ತರೆ ಇಡೀ ಬಸ್ಸಿನವರ ಕಣ್ಣು ನಿಮ್ಮ ಮೇಲೆ.

ಕ್ಯಾಮೆರಾ ಹುಚ್ಚು ಹತ್ತಿದ, ಬಜೆಟ್ ಸಣ್ಣದಿರುವ ಹುಡುಗ ಹುಡುಗಿಯರಿಗೆ ನಾಣಚ್ಚಿ ನಾಲ್ಕು ಸಲ, ಆಮೇಲೆ ದಮ್ಮನಕಟ್ಟೆಯ ಇಲಾಖೆ ಸಫಾರಿ ಎರಡು ಸಲ. ನಾಲ್ಕೈದು ಜನ ಸೇರಿಕೊಂಡರೆ ಎಚ್.ಡಿ. ಕೋಟೆಯ ಲಾಡ್ಜಿನ ಖರ್ಚು ಹಂಚಿಹೋಗುತ್ತದೆ. ವಾರದ ನಡುವೆ ಹೋದರೆ ಸೀಟು ಆರಿಸಿಕೊಳ್ಳಬಹುದು. ಶನಿವಾರ, ಭಾನುವಾರ ಆ ಮಾತೇ ಇಲ್ಲ.

ದುಡ್ಡಿದೆ, ಸಮಯ ಇಲ್ಲ ಅನ್ನುವವರು ಮಾರ್ಚ್-ಏಪ್ರಿಲ್‌ನಲ್ಲಿ ಕಬಿನಿ, ಎರಡು ರಾತ್ರಿ, ಜೀಪು. ಒಂದೇ ರಾತ್ರಿ ಆದರೆ ನಾನಂತೂ ಹೇಳುವುದಿಲ್ಲ. ಎರಡೇ ಸಫಾರಿಗೆ ಅಷ್ಟು ಖರ್ಚು ಹೊಟ್ಟೆ ಉರಿಸುತ್ತದೆ. ಜೂನ್‌ನಿಂದ ಮಳೆ ಹಿಡಿದ ಮೇಲೆ ಯಾವ ಗೇಟಿಗೂ ಹುಲಿಗಾಗಿ ಹೋಗಬೇಡಿ. ಕಾಡಿನೊಳಗೆ ಎಲ್ಲೆಲ್ಲೂ ನೀರು, ಹುಲಿಗೆ ಕೆರೆಗೆ ಬರುವ ಕೆಲಸವೇ ಇಲ್ಲ. ಹಸಿರು ನೋಡಬೇಕೆಂದರೆ ಮಾತ್ರ ಸರಿ.

ನನ್ನ ಪ್ಲಾನ್ ಕೇಳಿದರೆ, ಕಾಫಿ ಕೊಯ್ಲು ಮುಗಿದ ಮೇಲೆ ಮಾರ್ಚಿನಲ್ಲಿ ನಾಣಚ್ಚಿ ಎರಡು ಬೆಳಿಗ್ಗೆ, ದಮ್ಮನಕಟ್ಟೆ ಒಂದು ಸಂಜೆ ಒಂದು ಬೆಳಿಗ್ಗೆ. ತಡೋಬಾದ ದುಡ್ಡು ಈ ವರ್ಷ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ರಿಪೇರಿಗೆ ಹೋಯಿತು. ಅಷ್ಟರೊಳಗೆ ಬೀನ್ ಬ್ಯಾಗನ್ನು ಇನ್ನೊಂದು ಸಲ ಹೊಲಿಯಬೇಕು. ಅಟ್ಟದಲ್ಲಿಟ್ಟಿದ್ದೆ, ಇಲಿ ಕಡಿದು ಭತ್ತವೆಲ್ಲ ತಿಂದುಬಿಟ್ಟಿದೆ.